ನಿನ್ನೆ ಮೊನ್ನೆ ಬಂದವರು

ನನ್ನ ಪಿಎಚ್.ಡಿ. ಪ್ರಬಂಧವನ್ನು ಪೂರ್ತಿ ಓದಿದವರು ಮೂರೇ ಜನ ಎಂದು ನಾನು ಬಹಳ ವರ್ಷ ನೆಮ್ಮದಿಯಾಗಿದ್ದೆ. ಒಬ್ಬರು ನನ್ನ ಮಾರ್ಗದರ್ಶಕರು, ಇನ್ನೊಬ್ಬರು ಪರೀಕ್ಷಕರು, ಮೂರನೆಯವಳು ನಾನು. ಪರೀಕ್ಷಕರ ಬಗ್ಗೆಯೂ ಅನುಮಾನವಿತ್ತು, ಅವರು ಕೇಳಿದ ಪ್ರಶ್ನೆಗಳೆಲ್ಲ ಮೊದಲ ಅಧ್ಯಾಯದವೇ ಆಗಿದ್ದವು. ನಾಲ್ಕನೆಯ ಓದುಗರೊಬ್ಬರು ಕಚೇರಿಯೊಂದರಲ್ಲಿ ಕುಳಿತು ನನ್ನ ಪುಟಕ್ಕೆ ಕೆಂಪು ಗೆರೆ ಎಳೆದಿದ್ದಾರೆಂದು ಗೊತ್ತಾದದ್ದು ಹೋದ ವರ್ಷ ಮಾಗಿಯ ಒಂದು ಭಾನುವಾರ, ಕೊಳ್ಳೇಗಾಲದ ನಮ್ಮ ಮನೆಯ ಪಡಸಾಲೆಯಲ್ಲಿ.

ಸುದ್ದಿ ತಂದವಳು ಹನೂರಿನ ಆಚೆ, ಕಾಡಿನ ಅಂಚಿನಲ್ಲಿರುವ ಒಂದು ಸೋಲಿಗರ ಪೋಡಿನ ಹೆಂಗಸು. ಪೋಡು ಎಂದರೆ ಸೋಲಿಗರ ಹಾಡಿ, ಇಪ್ಪತ್ತು ಮೂವತ್ತು ಮನೆಗಳ ಪುಟ್ಟ ಊರು. ಹದಿನೈದು ವರ್ಷಗಳ ಹಿಂದೆ ನಾನು ಸಂಶೋಧನೆಗೆಂದು ಅಲ್ಲಿಗೆ ಹೋದಾಗ ಇವಳ ಅಪ್ಪ ಆ ಪೋಡಿನ ಯಜಮಾನ. ಅವರ ಮನೆಯಲ್ಲೇ ಏಳು ತಿಂಗಳು ಉಂಡು ಮಲಗಿದ್ದೆ. ಇವಳು ಅದೇ ಪೋಡಿನ ಬೇರೆ ಕುಲದವನನ್ನು ಮದುವೆಯಾಗಿ ಎದುರು ಮನೆಯಲ್ಲಿದ್ದಳು, ದಿನಾ ಸಂಜೆ ಬಂದು ನನ್ನ ತಲೆ ಬಾಚಿ ಹೋಗುತ್ತಿದ್ದಳು. ಈಗ ಅವಳ ತಲೆಯಲ್ಲಿಯೂ ನನ್ನ ಹಾಗೆಯೇ ಬಿಳಿ ಕೂದಲು.

ತಂದಿದ್ದ ನೆಲ್ಲಿಕಾಯಿ ಚೀಲವನ್ನು ಒಳಗೆ ಕೊಟ್ಟು, ಕುರ್ಚಿ ಬೇಡವೆಂದು ನೆಲದ ಮೇಲೆ ಕುಳಿತಳು. ಪ್ಲಾಸ್ಟಿಕ್ ಕವರಿನಿಂದ ಎರಡು ಹಾಳೆ ತೆಗೆದಳು.

"ಅಕ್ಕಾ, ಇದ ನೀವು ಬರ್ದಿರಾದಂತ. ಔದಾ?"

ಒಂದು ಹಾಳೆ ನನ್ನ ಪ್ರಬಂಧದ ಜೆರಾಕ್ಸ್. ಇನ್ನೊಂದು, ಅರಣ್ಯ ಹಕ್ಕಿಗಾಗಿ ಅವರ ಪೋಡು ಹಾಕಿದ್ದ ಅರ್ಜಿಗೆ ಬಂದ ಉತ್ತರ. ಜೇನು, ನೆಲ್ಲಿ, ಮಾಗಳಿ ಬೇರು ತೆಗೆಯುವ ಕಾಡು, ದನ ಮೇಯಿಸುವ ಜಾಗ, ಅವರ ದೇವರುಗಳು ಇರುವ ತಾಣ, ಇಷ್ಟನ್ನು ನಮ್ಮದೆಂದು ಒಪ್ಪಿಕೊಳ್ಳಿ ಎಂದು ಅವರು ಕೇಳಿದ್ದರು. ಅರ್ಜಿದಾರರ ಪೋಡು ಈ ಸ್ಥಳಕ್ಕೆ ಇತ್ತೀಚೆಗೆ ವಲಸೆ ಬಂದದ್ದೆಂದು ಸಂಶೋಧನಾ ಪ್ರಬಂಧವೊಂದರಿಂದ ತಿಳಿಯುತ್ತದೆ, ಆದ್ದರಿಂದ ತಲಾಂತರದ ಬಳಕೆಗೆ ಆಧಾರವಿಲ್ಲ ಎಂದು ಉತ್ತರ ಬಂದಿತ್ತು. ಇನ್ನೊಂದು ವಿಚಾರಣೆಗೆ ಮಾತ್ರ ಅವಕಾಶವಿತ್ತು. ಅದರಲ್ಲೂ ಸೋತರೆ ಕಾಡಿನೊಳಗೆ ಕಾಲಿಡಲು ಅವರು ಇನ್ನೊಬ್ಬರ ಅಪ್ಪಣೆ ಕೇಳಬೇಕಿತ್ತು.

"ಪೋಡಲ್ಲಿ ಎಲ್ಲಾರೂ ಬಯ್ತಾವ್ರ, ನಮ್ಮ ಮನೇಲಿ ಉಂಡೋಗಿ ಇಂಗ ಬರ್ದವ್ರಲ್ಲ ಅಂತ. ನಾ ಏಳ್ದಿ, ಅವ್ರು ಬರ್ದಿರಾಕಿಲ್ಲ, ಯಾರೋ ಸೇರ್ಸವ್ರ ಅಂತ."

ನನಗೆ ಮೊದಲು ಬಂದದ್ದು ಸಿಟ್ಟು. ಕಚೇರಿಯವರ ಮೇಲೆ, ಜೆರಾಕ್ಸ್ ಯಂತ್ರದ ಮೇಲೆ, ಇಷ್ಟು ನಂಬಿಕೆ ಇಟ್ಟುಕೊಂಡು ಬಂದ ಇವಳ ಮೇಲೂ. ಸಂದರ್ಭ ಬಿಟ್ಟು ಒಂದೇ ವಾಕ್ಯ ಎತ್ತಿಕೊಂಡಿದ್ದಾರೆ, ಹಾಗೆ ಮಾಡಬಾರದು ಎಂದು ಜೋರಾಗಿ ಹೇಳಿದೆ. ಅವಳು ತಲೆಯಾಡಿಸುತ್ತಾ ಕೇಳಿಸಿಕೊಂಡಳು. ನಿಜ ಏನೆಂದರೆ, ಅದರ ಮುಂದಿನ ಪುಟಗಳೆಲ್ಲ ಅದೇ ಮಾತನ್ನೇ ಹೇಳುತ್ತಿದ್ದವು.

ಪೋಡಿಗೆ ಹೋದ ಮೊದಲ ವಾರ ನನ್ನ ಕೈಯಲ್ಲಿ ಒಂದು ಪ್ರಶ್ನಾವಳಿ ಇತ್ತು. ಮನೆ ಎಷ್ಟು, ಕುಲ ಯಾವುದು, ಈ ಜಾಗಕ್ಕೆ ಬಂದು ಎಷ್ಟು ಕಾಲವಾಯಿತು. ಯಜಮಾನ ಅಂಗಳದಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು ಬಿದಿರು ಸೀಳುತ್ತಿದ್ದರು. ಕೊನೆಯ ಪ್ರಶ್ನೆ ಕೇಳಿದಾಗ ಕೈ ನಿಲ್ಲಿಸಿ ನನ್ನ ಪೆನ್ನನ್ನು ನೋಡಿದರು.

"ನಾವಾ? ನಾವು ನಿನ್ನೆ ಮೊನ್ನೆ ಬಂದೋರು ಕಣ್ಕೂಸೆ. ಆ ಪಾಲಾರ್ ಕಡೆಯಿಂದ. ಓಗು ಅಂದ್ರ ಓಯ್ತೀವಿ."

ನಾನು ಬರೆದುಕೊಂಡೆ. ಎಷ್ಟು ಸಲೀಸಾಗಿ ಸಿಕ್ಕಿತಲ್ಲ ಉತ್ತರ ಎಂದು ಖುಷಿಯಾಗಿತ್ತು.

ಬೇರೆ ಯಾರೇ ಆಗಿದ್ದರೂ ಇದನ್ನು ಅರಿಯದೆ ಮಾಡಿದ ತಪ್ಪು ಎನ್ನಬಹುದಿತ್ತು. ನಾನು ಹಾಗೆನ್ನುವ ಹಾಗಿಲ್ಲ. ನಾನು ಕೊಳ್ಳೇಗಾಲದ ರೇಷ್ಮೆ ಮಗ್ಗದ ಮನೆಯ ಮಗಳು. ನಮ್ಮ ಮನೆಯಲ್ಲಿ ಮೂರು ಮಗ್ಗ ಇದ್ದವು, ಎರಡು ಮುಂದಿನ ಅಂಕಣದಲ್ಲಿ, ಒಂದು ಹಿಂದಿನ ಕೋಣೆಯಲ್ಲಿ. ಪುಸ್ತಕ ಹಿಡಿದವರು ಯಾರಾದರೂ ಬೀದಿಯ ತುದಿಯಲ್ಲಿ ಕಂಡರೆ ಅವ್ವ ಎರಡು ಸಲ ಕೆಮ್ಮುತ್ತಿದ್ದಳು. ಹಿಂದಿನ ಕೋಣೆಯ ಮಗ್ಗದ ಸದ್ದು ತಟ್ಟನೆ ನಿಲ್ಲುತ್ತಿತ್ತು. "ಎರಡೇ ಮಗ್ಗ ಸಾ, ಅದ್ರಲ್ಲೂ ಒಂದು ಕೆಟ್ಟೋಗದ" ಎಂದು ಅವ್ವ ಸೆರಗು ಹೊದ್ದುಕೊಂಡು ಹೇಳುವಾಗ ಅವಳ ಮುಖದಲ್ಲಿ ಒಂದು ಗೆರೆಯೂ ಅಲ್ಲಾಡುತ್ತಿರಲಿಲ್ಲ. ಬಂದವರು ತೆರಿಗೆಯವರೋ, ಕೈಮಗ್ಗದ ಬಗ್ಗೆ ಕನಿಕರದಿಂದ ಬರೆಯಲು ಬಂದ ಪುಣ್ಯಾತ್ಮರೋ, ಅವ್ವನಿಗೆ ಎಲ್ಲರೂ ಒಂದೇ. ನಾನು ಬಾಗಿಲ ಹಿಂದೆ ನಿಂತು ನಗು ತಡೆಯುತ್ತಿದ್ದೆ. ಪುಸ್ತಕ ಹಿಡಿದು ಕೇಳುವವರಿಗೆ ಜನ ಏನು ಹೇಳುತ್ತಾರೆಂದು ಯಾವ ವಿಶ್ವವಿದ್ಯಾಲಯವೂ ನನಗೆ ಕಲಿಸಬೇಕಾಗಿರಲಿಲ್ಲ.

ಆದರೆ ಆ ಅಂಗಳದಲ್ಲಿ ಪುಸ್ತಕ ಹಿಡಿದಿದ್ದವಳು ನಾನು. ಆ ಕಡೆಗೆ ಕುಳಿತ ಮೇಲೆ ಮನುಷ್ಯರಿಗೆ ಏನಾಗುತ್ತದೋ, ನನಗೂ ಆಯಿತು.

ಎರಡು ತಿಂಗಳಾದ ಮೇಲೆ ಯಜಮಾನ ತಾವಾಗಿಯೇ ಒಂದು ಬೆಳಿಗ್ಗೆ "ಬಾ ಕೂಸೆ, ನಮ್ಮೋರ ತೋರ್ಸ್ತೀನಿ" ಎಂದು ಕರೆದರು. ಬರಿಗಾಲಲ್ಲಿ ಬರಬೇಕು, ಪುಸ್ತಕ ಮನೆಯಲ್ಲೇ ಇಡಬೇಕು ಎಂದರು. ನೀರಿನ ಒರತೆ ದಾಟಿ, ಲಂಟಾನ ಪೊದೆಗಳ ನಡುವೆ ನುಸುಳಿ, ಒಂದು ದೊಡ್ಡ ಮತ್ತಿ ಮರದ ಬುಡಕ್ಕೆ ಹೋದೆವು. ಅಲ್ಲಿ ನೆಲದ ಮೇಲೆ ಹಳ್ಳದ ನುಣುಪು ಕಲ್ಲುಗಳನ್ನು ಸಾಲಾಗಿ ಒಂದರ ಪಕ್ಕ ಒಂದು ಇಟ್ಟಿದ್ದರು. ಒಂದೊಂದೂ ಮೊಣಕೈ ಉದ್ದ. ಇದು ಅವರ ಕಲ್ಲುಗುಡಿ. ಕುಲದಲ್ಲಿ ಒಬ್ಬರು ತೀರಿಕೊಂಡರೆ ಹಳ್ಳದಿಂದ ಒಂದು ಕಲ್ಲು ತಂದು ಸಾಲಿನ ಕೊನೆಗೆ ಇಡುತ್ತಾರೆ. ಈಚಿನ ಕಲ್ಲುಗಳು ಹೊಳೆಯುತ್ತಿದ್ದವು. ಸಾಲು ಹಿಂದೆ ಹಿಂದೆ ಹೋದಂತೆ ಕಲ್ಲುಗಳಿಗೆ ಪಾಚಿ ಹಿಡಿದು, ಮಣ್ಣಿಗಿಳಿದು, ಬೆನ್ನು ಮಾತ್ರ ಕಾಣುತ್ತಿದ್ದವು. ಮೊದಲಿನ ಕೆಲವನ್ನು ಮತ್ತಿ ಮರದ ಬೇರು ತಬ್ಬಿಕೊಂಡು ಬೆಳೆದಿತ್ತು. ಆ ಮರವನ್ನು ಇಬ್ಬರು ಕೈ ಸೇರಿಸಿದರೂ ತಬ್ಬಲಾಗುತ್ತಿರಲಿಲ್ಲ.

"ನಿನ್ನೆ ಮೊನ್ನೆ ಬಂದೋರು ಅಂದಿರಲ್ಲ ತಾತ?" ಎಂದೆ.

ಅವರು ನಕ್ಕರು. "ಪುಸ್ತಕ ಇಡ್ಕಂಡು ಕೇಳೋರ್ಗ ಇನ್ಯಾನ ಏಳದು? ನಮ್ಮ ತಾತನ ಕಾಲ್ದಲ್ಲಿ, ಕಾಡ ಸುಟ್ಟು ರಾಗಿ ಚೆಲ್ದೋರು ನೀವೇನಾ ಅಂತ ಕೇಳೋರು. ಔದು ಅಂದೋನ ಇಡ್ಕಂಡು ಓಗೋರು. ನಮ್ಮ ಕಾಲ್ದಲ್ಲಿ ಕಾಡ್ತುಂಬ ಪೋಲೀಸ್ರು. ಕಾಡು ಗೊತ್ತು ಅಂದೋನ ಮ್ಯಾಲ ಅನ್ಮಾನ. ಓಸಬ್ರು ಸಾ, ನಮ್ಗೇನೂ ತಿಳ್ಯಾಕಿಲ್ಲ ಅಂದ್ರ ಬುಟ್ಬುಡೋರು. ಅದ ನಮ್ಮ ಮಕ್ಕುಳ್ಗೂ ಕಲ್ಸಿವಿ."

ಆಮೇಲೆ ಅವರು ನಗುವುದನ್ನು ನಿಲ್ಲಿಸಿ ಎರಡು ಮಾತು ತೆಗೆದುಕೊಂಡರು. "ಇದ ಎಲ್ಲೂ ಬರೀಬ್ಯಾಡ. ಕಲ್ಲ ಎಣ್ಸಬ್ಯಾಡ. ಎಣ್ಸುದ್ರ ಮುಂದಿನ ಕಲ್ಲ ಕೇಳ್ತದ."

ಆಗಲಿ ತಾತ ಎಂದು ಮಾತು ಕೊಟ್ಟೆ. ಕೊಡುವಾಗಲೇ ಎಣಿಸುತ್ತಿದ್ದೆ. ಬೇಕೆಂದು ಮಾಡಿದ್ದಲ್ಲ. ಮಗ್ಗದಲ್ಲಿ ಮುಗಿದ ಹಾಸಿನ, ಅಂದರೆ ಉದ್ದ ನೂಲಿನ, ಒಂದೊಂದು ಎಳೆಗೂ ಹೊಸ ಹಾಸಿನ ಎಳೆ ಕೂಡಿಸುವ ಕೆಲಸವನ್ನು ಎಂಟನೆಯ ವಯಸ್ಸಿನಿಂದ ಮಾಡಿದವಳು ನಾನು. ಸಾಲಾಗಿ ಏನು ಕಂಡರೂ ಒಳಗೆ ಲೆಕ್ಕ ಓಡುತ್ತದೆ, ಬೆರಳು ತಾವೇ ಮಡಿಚಿಕೊಳ್ಳುತ್ತವೆ. ನಲವತ್ತೊಂದು ಕಲ್ಲು. ಸಂಜೆ ಡೈರಿಯಲ್ಲಿ ದಿನಾಂಕದ ಕೆಳಗೆ, ಮೂಲೆಯಲ್ಲಿ, ಸಣ್ಣದಾಗಿ ೪೧ ಎಂದು ಬರೆದು ಸುತ್ತ ಒಂದು ಗೆರೆ ಹಾಕಿದೆ. ಬೇರೇನೂ ಬರೆಯಲಿಲ್ಲವಲ್ಲ, ಮಾತು ಉಳಿಸಿಕೊಂಡ ಹಾಗೇ ಎಂದುಕೊಂಡೆ.

ಅಷ್ಟರಲ್ಲಿ ವಲಸೆಯ ಅಧ್ಯಾಯ ಮುಗಿದಿತ್ತು. ನನ್ನ ಮಾರ್ಗದರ್ಶಕರು ಪಾಲಾರ್ ಹೊಳೆಯುದ್ದಕ್ಕೂ ಜನ ಮೇಲೆ ಬಂದರೆಂಬ ವಾದದವರು. ಯಜಮಾನರ ಆ ಒಂದು ಮಾತು ಅವರಿಗೆ ಬೆಲ್ಲದಚ್ಚಿನಂತೆ ಸಿಕ್ಕಿತ್ತು. ಅಧ್ಯಾಯದ ಅಂಚಿನಲ್ಲಿ "ಬಹಳ ಚೆನ್ನಾಗಿದೆ" ಎಂದು ಬರೆದಿದ್ದರು, ಅವರು ಯಾರಿಗೂ ಹಾಗೆ ಬರೆದವರಲ್ಲ. ಅದು ಸುಳ್ಳು ಸರ್, ಅವರು ಹೆದರಿ ಹೇಳಿದ್ದು ಎಂದರೆ ಆಧಾರ ಎಲ್ಲಿ ಎಂದು ಕೇಳುತ್ತಿದ್ದರು. ಆಧಾರ ಮತ್ತಿ ಮರದ ಕೆಳಗಿತ್ತು, ಅದನ್ನು ಹೇಳುವುದಿಲ್ಲವೆಂದು ಮಾತು ಕೊಟ್ಟಿದ್ದೆ. ಕೊಟ್ಟ ಮಾತಿಗೆ ಕಟ್ಟುಬಿದ್ದವಳೆಂದು ನನಗೆ ನಾನೇ ಶಭಾಷ್ ಹೇಳಿಕೊಂಡು, ಸುಳ್ಳೆಂದು ಗೊತ್ತಿದ್ದ ಅಧ್ಯಾಯವನ್ನು ಹಾಗೇ ಬಿಟ್ಟೆ. ಕಲ್ಲಿನ ಸುದ್ದಿ ಎತ್ತದೆಯೇ ಆ ಒಂದು ವಾಕ್ಯವನ್ನು ಹೊಡೆದುಹಾಕಬಹುದಿತ್ತು. ಹೊಡೆದಿದ್ದರೆ ಇನ್ನೊಂದು ವರ್ಷ ಬೇಕಾಗುತ್ತಿತ್ತು, ಅಷ್ಟೇ.

ಮುಂದಿನ ಮಳೆಗಾಲದಲ್ಲಿ ಯಜಮಾನ ತೀರಿಕೊಂಡರು. ಸುದ್ದಿ ಬಂದಾಗ ನಾನು ಪ್ರಬಂಧದ ಅಚ್ಚು ತಿದ್ದುತ್ತಿದ್ದೆ. ಹೋಗಲಿಲ್ಲ. ಡಾಕ್ಟರೇಟ್ ಬಂತು, ಕೆಲಸ ಸಿಕ್ಕಿತು. ಈಗ ದಿನಾ ಬೆಳಿಗ್ಗೆ ಯಳಂದೂರಿಗೆ ಬಸ್ಸಿನಲ್ಲಿ ಹೋಗಿ, ಜನರ ಜೊತೆ ಬೆರೆತು ಮಾಹಿತಿ ಕಲೆಹಾಕುವುದು ಹೇಗೆಂದು ಪಾಠ ಮಾಡಿ ಬರುತ್ತೇನೆ.

ಆ ಭಾನುವಾರ ಅವಳಿಗೆ ಇದರಲ್ಲಿ ಅರ್ಧವನ್ನು ಮಾತ್ರ ಹೇಳಿದೆ. ಬರೆದದ್ದು ನಾನೇ, ತಪ್ಪಾಗಿದೆ, ವಿಚಾರಣೆಗೆ ಬಂದು ಹೇಳುತ್ತೇನೆ ಎಂದೆ. ಅವಳು ಎರಡೂ ಹಾಳೆ ಮಡಿಚಿ ಕವರಿಗೆ ಹಾಕುತ್ತಾ, "ನೀವೇ ಬರ್ದ್ರಾ ಅಂಗಾರ" ಎಂದಳು. ಊಟಕ್ಕೆ ಏಳು ಎಂದರೆ, ಬಸ್ಸು ತಪ್ಪುತ್ತದೆ ಎಂದು ಹೊರಟುಬಿಟ್ಟಳು. ಅವಳ ತವರಿನಲ್ಲಿ ನಾನು ಏಳು ತಿಂಗಳು ಉಂಡಿದ್ದೆ.

ವಿಚಾರಣೆಯ ದಿನ ನನ್ನ ಹೇಳಿಕೆಯನ್ನು ಟೈಪ್ ಮಾಡಿಸಿಕೊಂಡು ಹೋದೆ. ಅಧಿಕಾರಿ ಒರಟು ಮನುಷ್ಯನಾಗಿದ್ದರೆ ಜಗಳವಾಡಿ ಮನಸ್ಸು ಹಗುರ ಮಾಡಿಕೊಳ್ಳುತ್ತಿದ್ದೆ. ಅವರು ಬಹಳ ಮರ್ಯಾದಸ್ಥರು, ಎದ್ದು ನಿಂತು ಕುರ್ಚಿ ತೋರಿಸಿದರು.

"ಮೇಡಂ, ಆಗ ಬರೆದದ್ದು ನಿಜವೋ, ಈಗ ಹೇಳುತ್ತಿರುವುದು ನಿಜವೋ?"

"ಈಗಿನದು."

"ಆದರೆ ನಿಮಗೆ ಡಾಕ್ಟರೇಟ್ ಕೊಟ್ಟದ್ದು ಆಗಿನದಕ್ಕಲ್ಲವೇ?"

ಕೋಣೆಯಲ್ಲಿದ್ದವರು ನಕ್ಕರು. ನಿಮ್ಮ ಎರಡು ಮಾತಿನಲ್ಲಿ ಒಂದನ್ನು ಆರಿಸಲು ನನಗೆ ಬರುವುದಿಲ್ಲ, ಕಣ್ಣಿಗೆ ಕಾಣುವಂಥ ಆಧಾರ ಏನಾದರೂ ಇದ್ದರೆ ಕೊಡಿ, ನಾನೇ ಬಂದು ನೋಡುತ್ತೇನೆ ಎಂದು ಅವರು ಫೈಲು ಮುಚ್ಚಿದರು. ಅವರ ಮಾತಿನಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ.

ಹೊರಗೆ ಜಗಲಿಯ ಮೇಲೆ ನಾನು, ಪೋಡಿನ ಪರವಾಗಿ ಬಂದಿದ್ದ ಅವಳು, ಇಬ್ಬರೂ ಕುಳಿತೆವು. ಕಲ್ಲುಗುಡಿಯ ಮಾತನ್ನು ನಾನು ಎತ್ತಬಾರದೆಂದು ಹಲ್ಲು ಕಚ್ಚಿಕೊಂಡಿದ್ದೆ. ಎತ್ತಿದವಳು ಅವಳೇ.

"ಕಲ್ಲ ತೋರ್ಸುದ್ರ ಆಯ್ತದಾ ಅಕ್ಕ?"

"ಆಗಬಹುದು. ಆದರೆ ನಿಮ್ಮಪ್ಪ ಬೇಡ ಅಂದಿದ್ದರು."

"ಅಪ್ಪ ಓಯ್ತು. ಇರೋರ್ಗ ಕಾಡು ಬೇಕಲ್ಲ." ಆಮೇಲೆ, "ಕಲ್ಲು ಆಗ್ಲೇ ಇದ್ದೊ, ಈಗ ತಂದು ಮಡಗಿರಾವಲ್ಲ ಅಂತ ಅವ್ರ್ಗ ಎಂಗ ಗೊತ್ತಾಯ್ತದ?" ಎಂದಳು.

ಆಧಾರ ನನ್ನ ಚೀಲದಲ್ಲೇ ಇತ್ತು. ಡೈರಿ ತೆಗೆದು ಆ ಪುಟ ತೋರಿಸಿದೆ. ಅವಳಿಗೆ ಓದಲು ಬರುತ್ತದೆ. ದಿನಾಂಕದ ಮೇಲೆ, ಆಮೇಲೆ ಮೂಲೆಯ ಅಂಕಿಯ ಮೇಲೆ ಬೆರಳಿಟ್ಟಳು.

"ಎಣ್ಸಿದ್ರಾ?"

"ಹೂಂ."

"ಅಪ್ಪ ಬ್ಯಾಡ ಅಂದ ಮ್ಯಾಲೂ?"

"ಹೂಂ."

ಅವಳು ಡೈರಿಯನ್ನು ಮುಚ್ಚಿ ನನ್ನ ತೊಡೆಯ ಮೇಲಿಟ್ಟಳು. "ಆ ವರ್ಸದ ಮುಂಗಾರ್ಗೆ ಅಪ್ಪ ಓಯ್ತು" ಎಂದಳು. "ನಡೂಕ ಯಾರೂ ಸತ್ತಿಲ್ಲ. ಮುಂದಿನ ಕಲ್ಲು ಅಪ್ಪಂದೇಯ."

ವಯಸ್ಸಾಗಿತ್ತು, ಕೆಮ್ಮು ಇತ್ತು, ಚಳಿಯಲ್ಲಿ ಉಸಿರು ಕಟ್ಟುತ್ತಿತ್ತು ಎಂದು ನಾನು ಒಂದೊಂದಾಗಿ ಹೇಳಿದೆ. ಪಾಠ ಮಾಡುವವರ ದನಿಯಲ್ಲಿ ಹೇಳಿದೆನೆಂದು ನನಗೇ ಕೇಳಿಸಿತು. ಅವಳು ಬಯ್ಯಲಿಲ್ಲ. "ಔದಕ್ಕ, ಕೆಮ್ಮು ಇತ್ತು" ಎಂದು ಒಪ್ಪಿಕೊಂಡಳು. ಬಯ್ದಿದ್ದರೆ ತಡೆದುಕೊಳ್ಳುತ್ತಿದ್ದೆ.

ಪೋಡಿನಲ್ಲಿ ಮೂರು ಸಲ ಕೂಟ ಸೇರಿದರಂತೆ. ಮುದುಕಿಯರು ಒಪ್ಪಲಿಲ್ಲ, ಅತ್ತರು. ಕೊನೆಗೆ, ತೋರಿಸುವುದು, ಆದರೆ ನಮ್ಮವರು ಯಾರೂ ಆ ಸಾಲನ್ನು ನೋಡುತ್ತಾ ನಿಲ್ಲಬಾರದು ಎಂದು ತೀರ್ಮಾನವಾಯಿತು. ಹನೂರಿನಿಂದ ಜೀಪಿನಲ್ಲಿ ಅಧಿಕಾರಿ, ಅವರ ಗುಮಾಸ್ತ, ನಾನು ಹೋದೆವು. ಅಧಿಕಾರಿ ಒರತೆಯ ಹತ್ತಿರವೇ ಯಾರೂ ಹೇಳದೆ ಶೂ ಬಿಚ್ಚಿದರು. ಗುಮಾಸ್ತ ಮುಳ್ಳು ಚುಚ್ಚುತ್ತದೆಂದು ಹಾಗೇ ಬಂದ. ಪೋಡಿನವರು ಹತ್ತು ಹನ್ನೆರಡು ಜನ ಮತ್ತಿ ಮರದಿಂದ ದೂರದಲ್ಲಿ, ನಮಗೆ ಬೆನ್ನು ಮಾಡಿ ನಿಂತರು.

ಅಧಿಕಾರಿ ಬೇರಿನೊಳಗೆ ಹೂತ ಕಲ್ಲುಗಳನ್ನು ಬಗ್ಗಿ ಮುಟ್ಟಿ ನೋಡಿದರು. ನನ್ನ ಡೈರಿಯ ಆ ಪುಟವನ್ನೂ ನೋಡಿ, "ಇದು ಹಳೆಯದೇ" ಎಂದು ಮೆಲ್ಲಗೆ ಅಂದರು. ನನಗೆ ಅಳು ಬಂತು. ಆದರೆ ಮಹಜರಿಗೆ ಫೋಟೊ ಬೇಕು, ಫೋಟೊದಲ್ಲಿ ಒಂದೊಂದು ಕಲ್ಲಿನ ಮೇಲೂ ನಂಬರ್ ಕಾಣಬೇಕು. ಗುಮಾಸ್ತ ಬಿಳಿ ಪೇಂಟಿನ ಡಬ್ಬಿ, ಬ್ರಷ್ಷು ತಂದಿದ್ದ. ಸೀಮೆಸುಣ್ಣದಲ್ಲಿ ಬರೆದರೆ ಸಾಲದೇ ಎಂದೆ. ಮತ್ತೆ ಪರಿಶೀಲನೆಗೆ ಬಂದರೆ ಅಳಿಸಿರಬಾರದು ಮೇಡಂ ಎಂದ.

ಅವನು ಡಬ್ಬಿಯ ಮುಚ್ಚಳ ತೆಗೆಯುವಾಗ ಅವಳು ಬೆನ್ನು ಮಾಡಿ ನಿಂತವರ ನಡುವಿನಿಂದ ಈಚೆ ಬಂದಳು. ಅವನ ಕೈಯಿಂದ ಬ್ರಷ್ಷು ತೆಗೆದುಕೊಂಡು ನನಗೆ ಕೊಟ್ಟಳು.

"ಕಾಲ್ಗ ಮೆಟ್ಟು ಆಕಂಡೋರು ಬ್ಯಾಡ. ನೀವೇ ಬರೀರಿ ಅಕ್ಕ. ಮೊದ್ಲು ಎಣ್ಸಿರೋರೂ ನೀವೇಯ."

ಮಂಡಿಯೂರಿ ಬರೆದೆ. ಬೇರಿನ ಕಡೆಯಿಂದ ಶುರುಮಾಡಿ ಒಂದು, ಎರಡು, ಮೂರು. ಪಾಚಿಯ ಮೇಲೆ ಪೇಂಟು ಹಿಡಿಯುತ್ತಿರಲಿಲ್ಲ, ಸೆರಗಿನಿಂದ ಒರೆಸಿ ಬರೆಯಬೇಕಾಯಿತು. ಗುಮಾಸ್ತ ಒಂದೊಂದಕ್ಕೂ ಫೋಟೊ ತೆಗೆಯುತ್ತಾ ಬಂದ. ನಲವತ್ತೊಂದು ಬರೆದು ಮುಂದಿನ ಕಲ್ಲಿಗೆ ಸರಿದಾಗ ಅವಳು ನನ್ನ ಪಕ್ಕದಲ್ಲಿ ಕುಳಿತಳು. ಇದು ಯಾರದೆಂದು ನಾನು ಕೇಳಲಿಲ್ಲ. ಅವಳು ಕಲ್ಲಿನ ಮೇಲೆ ಅಂಗೈಯಿಟ್ಟು, ನನಗಲ್ಲ, ಅದಕ್ಕೇ ಹೇಳಿದಳು.

"ನಿನ್ನೆ ಮೊನ್ನೆ ಬಂದೋರು ಅಂದ್ಯಲ್ಲಪ್ಪ ಅವತ್ತು. ಇವತ್ತು ನಿಜ ಏಳ್ಬುಡು."

ಕೈ ತೆಗೆದು ಜಾಗ ಬಿಟ್ಟಳು. ನಾನು ನಲವತ್ತೆರಡು ಎಂದು ಬರೆದೆ. ಎರಡರ ಬಾಲ ಕೆಳಗೆ ಹರಿಯಿತು. ಸಾಲು ನಲವತ್ತೊಂಬತ್ತಕ್ಕೆ ಮುಗಿಯಿತು. ಒಟ್ಟು ಎಷ್ಟು ಎಂದು ಗುಮಾಸ್ತ ಕೂಗಿ ಕೇಳಿದಾಗ, ಬೆನ್ನು ಮಾಡಿ ನಿಂತಿದ್ದ ಮುದುಕಿಯೊಬ್ಬಳು ಎರಡೂ ಕಿವಿ ಮುಚ್ಚಿಕೊಂಡಳು. ನಾನು ಬಾಯಲ್ಲಿ ಹೇಳದೆ ಕಾಗದದಲ್ಲಿ ಬರೆದುಕೊಟ್ಟೆ. ಅದರ ಕೆಳಗೆ ಪೋಡಿನ ಪರವಾಗಿ ಅವಳೇ ಸಹಿ ಹಾಕಿದಳು.

ಇದಾಗಿ ಎಂಟು ತಿಂಗಳು. ಅರ್ಜಿ ಇನ್ನೂ ಪರಿಶೀಲನೆಯಲ್ಲಿದೆ. ಪ್ರಬಂಧದ ಆ ಅಧ್ಯಾಯ ತಪ್ಪೆಂದು ದಾಖಲಿಸಿಕೊಳ್ಳಿ ಎಂದು ವಿಶ್ವವಿದ್ಯಾಲಯಕ್ಕೆ ಎರಡು ಪತ್ರ ಬರೆದೆ, ಉತ್ತರ ಬಂದಿಲ್ಲ. ಯಳಂದೂರಿನ ತರಗತಿಯಲ್ಲಿ ಆ ಪಾಠ ಬಂದಾಗ ಮಕ್ಕಳಿಗೆ ನಮ್ಮವ್ವನ ಕೆಮ್ಮಿನ ಕಥೆ ಹೇಳುತ್ತೇನೆ, ಅವರು ನಗುತ್ತಾರೆ. ಮುಂದಿನದನ್ನು ಹೇಳಲು ಇನ್ನೂ ಬಾಯಿ ಬಂದಿಲ್ಲ.

ಅವಳು ಹದಿನೈದು ದಿನಕ್ಕೊಮ್ಮೆ ಫೋನು ಮಾಡುತ್ತಾಳೆ. ಪೋಡಿನಲ್ಲಿ ನೆಟ್‌ವರ್ಕ್ ಇಲ್ಲ, ರಸ್ತೆಯವರೆಗೆ ನಡೆದು ಬಂದು ಮಾಡಬೇಕು. ಅವಳ ಹೆಸರು ಪರದೆಯ ಮೇಲೆ ಕಂಡರೆ ನನಗೆ ನಲವತ್ತೊಂಬತ್ತರ ಮುಂದಿನ ಕಲ್ಲು ನೆನಪಾಗುತ್ತದೆ. ಇಂಥದನ್ನೆಲ್ಲ ನಂಬುವವಳಲ್ಲ ನಾನು, ಹನ್ನೆರಡು ವರ್ಷದಿಂದ ಇದನ್ನು ನಂಬಿಕೆಗಳು ಎಂಬ ತಲೆಬರಹದಡಿಯಲ್ಲಿ ಪಾಠ ಮಾಡುತ್ತಿದ್ದೇನೆ. ಆದರೂ ಹಕ್ಕುಪತ್ರದ ಮಾತು ಆಮೇಲೆ, ಮೊದಲು ನನ್ನ ಬಾಯಿಂದ ಬರುವುದು "ಎಲ್ಲರೂ ಚೆನ್ನಾಗಿದ್ದಾರಾ?" ಎಂಬುದು. ಯಾಕೆ ಕೇಳುತ್ತೇನೆಂದು ಅವಳಿಗೆ ಗೊತ್ತು. ಅದಕ್ಕೇ ಎಲ್ಲರೂ ಎಂದು ಒಂದೇ ಮಾತಿನಲ್ಲಿ ಮುಗಿಸುವುದಿಲ್ಲ. ಮುದುಕಿಯರಿಂದ ಹಿಡಿದು ತೊಟ್ಟಿಲ ಮಗುವಿನವರೆಗೆ ಒಬ್ಬೊಬ್ಬರ ಹೆಸರು ಹೇಳಿ, ಚೆನ್ನಾಗವ್ರ, ಚೆನ್ನಾಗವ್ರ ಎನ್ನುತ್ತಾ ಹೋಗುತ್ತಾಳೆ. ಎಣಿಸಬಾರದೆಂದು ಗಟ್ಟಿ ಮನಸ್ಸು ಮಾಡಿಕೊಂಡೇ ಕೇಳುತ್ತೇನೆ. ಫೋನು ಇಟ್ಟ ಮೇಲೆ ನೋಡಿದರೆ, ಇನ್ನೊಂದು ಕೈಯ ಬೆರಳುಗಳು ಮಡಿಚಿಕೊಂಡಿರುತ್ತವೆ.